ಬಾಯಿಪಾಠ ಬಂದ ಮಗುವಿಗೆ ಓದು ಕಲಿಸುವುದು

ಮಗಳಿಗೆ ಐದು ತುಂಬಿದ ವರ್ಷ ಅವಳು ಸಂಜೆಯ ಭಜನೆಗೆ ಪುಸ್ತಕ ಹಿಡಿದು ಕೂರಲು ಶುರು ಮಾಡಿದಳು. ಸಾಲಿನ ಕೆಳಗೆ ಬೆರಳು ಓಡುತ್ತಿತ್ತು, ಬಾಯಿ ಹಾಡುತ್ತಿತ್ತು. ಅತ್ತೆಗೆ ಹಿಗ್ಗು ತಡೆಯಲಿಲ್ಲ. ಅಡಿಕೆ ಕೊನೆ ಕೊಯ್ಯಲು ಬಂದವರಿಂದ ಹಿಡಿದು ಪುರೋಹಿತರ ತನಕ ಎಲ್ಲರಿಗೂ "ನಮ್ಮ ಕೂಸು ಓದುತ್ತದೆ" ಎಂದು ಹೇಳಿಕೊಂಡರು. ಒಂದು ಸಂಜೆ ಕಿಟಕಿಯ ಗಾಳಿಗೆ ಎರಡು ಹಾಳೆ ಒಟ್ಟಿಗೆ ಮಗುಚಿಕೊಂಡವು. ಪುಸ್ತಕದಲ್ಲಿ ಈಗ ಮಂಗಳಾರತಿಯ ಹಾಡು, ಮಗಳ ಬಾಯಲ್ಲಿ ಇನ್ನೂ ಗಣಪತಿಯ ಸ್ತುತಿ. ಬೆರಳು ಮಾತ್ರ ಅದೇ ಠೀವಿಯಿಂದ ಸಾಲಿನಿಂದ ಸಾಲಿಗೆ ಇಳಿಯುತ್ತಲೇ ಹೋಯಿತು.

ಆಗ ನಕ್ಕೆ. ರಾತ್ರಿ ಯೋಚನೆ ಹತ್ತಿತು. ಶಿರಸಿ ತಾಲ್ಲೂಕಿನ ಒಳಗಿನ ಹಳ್ಳಿ ನಮ್ಮದು. ಬೆಳಗಿನ ಪೂಜೆಗೆ ಹೂ ಕೊಯ್ಯುವುದು, ಸಂಜೆ ದೀಪ ಹಚ್ಚುವುದು, ಏಕಾದಶಿ, ಶ್ರಾವಣ ಎಲ್ಲವೂ ಮಕ್ಕಳ ದಿನಚರಿಯೊಳಗೇ ಬರಲಿ ಎಂಬ ಆಸೆಯಿಂದ ಇಬ್ಬರಿಗೂ ಮನೆಯಲ್ಲೇ ಕಲಿಸಲು ಹೊರಟವರು ನಾವು. ಇಂಥ ಮನೆಯ ಮಕ್ಕಳಿಗೆ ಶಬ್ದಗಳ ದೊಡ್ಡ ಗಂಟು ಮೊದಲೇ ಕೈಯಲ್ಲಿರುತ್ತದೆ. ಅದರಷ್ಟು ಉಪಯೋಗದ್ದು ಇನ್ನೊಂದಿಲ್ಲ, ಅದರಷ್ಟು ಮೋಸ ಮಾಡುವುದೂ ಇನ್ನೊಂದಿಲ್ಲ. ಬಾಯಿಗೆ ಬಂದದ್ದನ್ನೇ ಕಣ್ಣಿಗೂ ಬಂದಿದೆ ಎಂದು ನಂಬಿ ಒಂದು ವರ್ಷ ಕಳೆದುಕೊಂಡೆ. ಮಗನ ಸರದಿಗೆ ಆ ತಪ್ಪು ಮಾಡಲಿಲ್ಲ; ಬೇರೆ ತಪ್ಪುಗಳನ್ನು ಮಾಡಿದೆ. ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ಕಿವಿ

ನಾಲ್ಕೂವರೆ, ಐದರ ಮಗುವಿಗೆ ಎರಡು ಮೂರು ತಿಂಗಳು ಅಕ್ಷರ ತೋರಿಸಬೇಡಿ. ಕಿವಿಯ ಆಟ ಆಡಿಸಿ. ಕನ್ನಡದಲ್ಲಿ ನಾವು ಬರೆಯುವುದು ಬಾಯಲ್ಲಿ ಒಂದೇ ಸಲಕ್ಕೆ ಹೊರಡುವ ತುಣುಕುಗಳನ್ನು. ಹಾಗಾಗಿ ಮಾತನ್ನು ಆ ತುಣುಕುಗಳಾಗಿ ಒಡೆಯಲು ಬಂದರೆ ಅರ್ಧ ದಾರಿ ನಡೆದಂತೆ. ಚಪ್ಪಾಳೆ ಸಾಕು: ಗ-ಣ-ಪ-ತಿ ನಾಲ್ಕು, ಮಾ-ರಿ-ಕಾಂ-ಬೆ ನಾಲ್ಕು, ಮ-ಹಾ-ಬ-ಲೇ-ಶ್ವ-ರ ಆರು. ಮನೆಯವರ ಹೆಸರು, ದನಗಳ ಹೆಸರು, ಎಲ್ಲಕ್ಕೂ ಚಪ್ಪಾಳೆ ಹಾಕಿಸಿ.

ಆಮೇಲೆ ತೆಗೆಯುವ ಆಟ. "ಗೋಕರ್ಣದಿಂದ ಗೋ ತೆಗೆದರೆ ಉಳಿಯುವುದು ಯಾರು?" ಕರ್ಣ! ಮಹಾಭಾರತದ ಕಥೆ ಕೇಳಿದ ಮಗು ಕುಣಿದಾಡುತ್ತದೆ. ಗೋ ಎಂದರೆ ಹಸು, ಕರ್ಣ ಎಂದರೆ ಕಿವಿ, ಊರಿನ ಹೆಸರೇ ಹಸುವಿನ ಕಿವಿ ಎಂದು ಆಗಲೇ ಹೇಳಿಬಿಡಿ. ಮುಂದೆ ಸಮಾಸ ಕಲಿಯುವಾಗ ಇದು ಎಲ್ಲಿಂದಲೋ ನೆನಪಾಗುತ್ತದೆ.

ತಿರುಗಿಸುವ ಆಟಕ್ಕೆ ನಮ್ಮಲ್ಲಿ ಹಳೆಯ ಕಥೆಯೇ ಇದೆ. "ರಾಮ" ಎನ್ನಲು ಬಾರದ ಬೇಡ "ಮರಾ ಮರಾ" ಎನ್ನುತ್ತ ಕೂತು ವಾಲ್ಮೀಕಿಯಾದ ಕಥೆ. ಇದನ್ನು ಬರೀ ಭಕ್ತಿಯ ಕಥೆಯಾಗಿ ಹೇಳಿ ಮುಗಿಸಬೇಡಿ. ಬಿಡದೆ ಹೇಳುತ್ತ ಹೋದರೆ ರಾಮ ಎಲ್ಲಿ ಸಿಗುತ್ತಾನೆ ಎಂದು ಮಗುವೇ ಹುಡುಕಲಿ. ನಮ್ಮ ಮಾಣಿ, ಅಂದರೆ ಮಗ, ಅದನ್ನು ಹಿಡಿದ ಮೇಲೆ ಒಂದು ವಾರ ಸಿಕ್ಕಿದ್ದನ್ನೆಲ್ಲ ತಿರುವಿ ಹಾಕಿದ: ಸರ ರಸವಾಯಿತು, ಜಗ ಗಜವಾಯಿತು, ವನ ನವವಾಯಿತು, ಊಟದ ತಟ್ಟೆ ಟ್ಟೆತ ಆಯಿತು. ಮಾತಿನ ತುಣುಕಿಗೆ ಜಾಗವಿದೆ, ಜಾಗ ಬದಲಾದರೆ ಮಾತೇ ಬೇರೆ ಎಂಬುದು ಅವನಿಗೆ ಸ್ಲೇಟು ಮುಟ್ಟುವ ಮೊದಲೇ ಗೊತ್ತಾಗಿತ್ತು.

ಅಕ್ಷರಾಭ್ಯಾಸದ ಮರುದಿನ

ವಿಜಯದಶಮಿಯ ದಿನ ಹರಿವಾಣದಲ್ಲಿ ಅಕ್ಕಿ ಹರಡಿ, ಅಜ್ಜ ಮಗುವಿನ ಬೆರಳು ಹಿಡಿದು "ಶ್ರೀ" ಬರೆಸುತ್ತಾರೆ. ಬರೆಸಲಿ. ಆದರೆ ಮರುದಿನವೂ ಅದನ್ನೇ ತಿದ್ದಿಸಬೇಡಿ. ಶ್ರೀ ನಮ್ಮ ಲಿಪಿಯ ತೊಡಕಿನ ಅಕ್ಷರಗಳಲ್ಲಿ ಒಂದು. ಶಕಾರ, ಅದರ ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ, ಕೆಳಗೆ ರ ಒತ್ತು. ಅದು ಆಶೀರ್ವಾದ, ಪಾಠ ಅಲ್ಲ.

ಗೋಡೆಯ ಮೇಲಿನ ವರ್ಣಮಾಲೆಯ ಪಟವನ್ನೂ ಸ್ವಲ್ಪ ದಿನ ಸುತ್ತಿಡಿ ಎನ್ನುತ್ತೇನೆ. ಹದಿಮೂರು ಸ್ವರ, ಎರಡು ಯೋಗವಾಹ, ಮೂವತ್ತನಾಲ್ಕು ವ್ಯಂಜನ, ಒಟ್ಟು 49. ಮಕ್ಕಳು ಅದನ್ನು ಹಾಡಿನಂತೆ ಅ ದಿಂದ ಳ ವರೆಗೆ ಒಪ್ಪಿಸುತ್ತಾರೆ. ನಡುವಿನ ಠ ದ ಮೇಲೆ ಬೆರಳಿಟ್ಟು ಕೇಳಿ ನೋಡಿ: ಮಗು ಮನಸ್ಸಿನಲ್ಲೇ ಅ ದಿಂದ ಹೊರಟು ಅಲ್ಲಿಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು. ಅದೂ ಭಜನೆಯೇ.

ನಾವು ಹಿಡಿದದ್ದು ಸರ್ಕಾರಿ ಶಾಲೆಗಳ ನಲಿಕಲಿಯ ಕ್ರಮ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಅದು. ಅಲ್ಲಿ ಮೊದಲ ಅಕ್ಷರಗಳು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಕೈ ತಿರುಗುವ ರೀತಿ ಒಂದಕ್ಕೊಂದು ಹತ್ತಿರ, ಜೊತೆಗೆ ಐದೇ ಅಕ್ಷರಕ್ಕೆ ಪದಗಳು ಹುಟ್ಟಿಕೊಳ್ಳುತ್ತವೆ: ಸರ, ರಸ, ದರ, ಅಗಸ, ಅರಸ. ಹತ್ತು ಅಕ್ಷರ ಆಗುವಾಗ ಮರ, ಜನ, ಬಸವ, ವನ, ಮಗ, ಗಜ ಎಲ್ಲ ಸಿಗುತ್ತವೆ. "ಅರಸನ ಮಗ", "ವನದ ಮರ" ಎಂದು ಎರಡೆರಡು ಪದ ಜೋಡಿಸಿ ಓದಿದ ದಿನ ಮಗುವಿನ ಮುಖ ನೋಡಬೇಕು. ವಾರಕ್ಕೆ ಎರಡು ಅಕ್ಷರಕ್ಕಿಂತ ಹೆಚ್ಚು ಬೇಡ. ಮೂರನೆಯ ವಾರಕ್ಕೆ ಪದ ಓದುವ ಮಗುವಿಗೆ ಉಳಿದ ಅಕ್ಷರ ಕಲಿಯುವ ಆಸೆ ತಾನಾಗಿ ಬರುತ್ತದೆ.

ಬರೆಯಲು ನಾವು ಬಳಸಿದ್ದು ಅಡಿಕೆ ಹಾಳೆ. ತೋಟದಲ್ಲಿ ಸೋಗೆಯ ಜೊತೆ ಬಿದ್ದ ಹಾಳೆಯನ್ನು ತೊಳೆದು ಒಣಗಿಸಿ, ಒಳಮೈಯ ಬಿಳಿಯ ಭಾಗದಲ್ಲಿ ಇದ್ದಿಲಿನಿಂದ ಅಂಗೈಯಷ್ಟು ದೊಡ್ಡ ಅಕ್ಷರ ಬರೆಯುವುದು. ಒರೆಸಿದರೆ ಹೋಗುತ್ತದೆ, ಹರಿದರೆ ಇನ್ನೊಂದು ಸಿಗುತ್ತದೆ. ಕಾಗದಕ್ಕೂ ಹಾಳೆ ಎನ್ನುವುದು ಏಕೆ ಎಂದು ಮಗ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. "ನಿನ್ನಂಥವನೊಬ್ಬ ಮೊದಲು ಇದರ ಮೇಲೆ ಬರೆದಿರಬೇಕು" ಎಂದೆ. ಕರಾವಳಿಯವರಿಗೆ ಇನ್ನೂ ಸುಲಭ. ಇಳಿತದ ಹೊತ್ತಿನ ಒದ್ದೆ ಮರಳಿಗಿಂತ ಒಳ್ಳೆಯ ಸ್ಲೇಟು ಎಲ್ಲಿದೆ? ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಸಾಲಿಟ್ಟು ಅಕ್ಷರ ಮಾಡಿಸುವುದೂ ಚೆನ್ನ, ಮಾವನವರು ಪೇಟೆಗೆ ಹೋದ ದಿನ ನೋಡಿ ಮಾಡಿದರೆ.

ಕಾಗುಣಿತದಲ್ಲಿ ನಾನು ಎಡವಿದ್ದು

ಮೂವತ್ತನಾಲ್ಕು ವ್ಯಂಜನಕ್ಕೆ ಹದಿನೈದು ರೂಪಗಳಂತೆ ಲೆಕ್ಕ ಹಾಕಿದರೆ 510. ಮಗಳಿಗೆ ನಾನು ಕ ಕಾ ಕಿ ಕೀ ಎಂದು ಕಃ ವರೆಗೆ ಮಗ್ಗಿಯಂತೆ ಉರು ಹೊಡೆಸಿದೆ. "ಕೊ" ತೋರಿಸಿದರೆ ಅವಳು ಕ ದಿಂದ ಹೊರಟು ತುಟಿ ಅಲ್ಲಾಡಿಸುತ್ತ ಕೊ ಗೆ ಬಂದು ನಿಲ್ಲುತ್ತಿದ್ದಳು. ವರ್ಣಮಾಲೆಯ ಕಥೆಯೇ ಇಲ್ಲೂ.

ಅಡ್ಡಸಾಲು ಬಿಡಿ, ಉದ್ದಸಾಲು ಹಿಡಿಯಿರಿ. ಒಂದು ಚಿಹ್ನೆಯನ್ನು ಗೊತ್ತಿರುವ ಒಂಬತ್ತೂ ವ್ಯಂಜನಗಳಿಗೆ ಹಚ್ಚಿ. ಮೊದಲು ದೀರ್ಘ: ರಾ ಗಾ ಸಾ ದಾ ಮಾ. ಅಲ್ಲಿಗೆ ಮರ ರಾಮನಾಗುತ್ತದೆ, ಸರ ಸಾರವಾಗುತ್ತದೆ, "ರಾಮನ ವನವಾಸ" ಎಂದು ಓದಲು ಬರುತ್ತದೆ. ಒಂದು ವಾರ ಅದರಲ್ಲೇ ಇರಿ. ಆಮೇಲೆ ಗುಡಿಸು, ಆಮೇಲೆ ಕೊಂಬು. ಎತ್ವ ಏತ್ವ, ಒತ್ವ ಓತ್ವಗಳ ಹೊತ್ತಿಗೆ ಮಗುವಿಗೆ ಪದ್ಧತಿ ಗೊತ್ತಾಗಿರುತ್ತದೆ. ಐತ್ವ, ಔತ್ವ, ವಟ್ರಸುಳಿಗಳಿಗೆ ಅವಸರವಿಲ್ಲ. ಕೃಷ್ಣನ ಹೆಸರು ಬರುವಾಗ ವಟ್ರಸುಳಿ ಬರುತ್ತದೆ, ಗೌರಿ ಹಬ್ಬಕ್ಕೆ ಔತ್ವ.

ಹ್ರಸ್ವ ದೀರ್ಘಗಳಲ್ಲಿ ಮಾತ್ರ ಸಡಿಲ ಬಿಡಬೇಡಿ. ಒಮ್ಮೆ ಮಗ ಸ್ಲೇಟಿನಲ್ಲಿ ಬರೆದು ತಂದದ್ದು "ದೇವರೇ, ವಿದ್ಯೆ ಕೋಡು". ಬೈಯಲಿಲ್ಲ. "ದೇವರು ಕೊಟ್ಟುಬಿಟ್ಟರೆ ಟೋಪಿ ಹೇಗೆ ಹಾಕುತ್ತೀಯೋ?" ಎಂದು ಕೇಳಿದೆ. ತಲೆ ಮುಟ್ಟಿ ನೋಡಿಕೊಂಡವನು ಒಂದು ಗಳಿಗೆ ಬಿಟ್ಟು ನಕ್ಕು ದೀರ್ಘ ಅಳಿಸಿದ. ಬಿಡು–ಬೀಡು, ಕುಡಿ–ಕೂಡಿ, ಬಲೆ–ಬಾಲೆ ಎಂಬ ಜೋಡಿಗಳನ್ನು ಹೀಗೆ ಅರ್ಥದ ಜೊತೆ ಕಟ್ಟಿಕೊಡಿ.

ಇನ್ನೊಂದು ಸಣ್ಣ ಗಂಟು: ಪು, ವು ಗಳಲ್ಲಿ ಕೊಂಬು ಕೆಳಗೆ ಇಳಿಯುತ್ತದೆ. ಪಕ್ಕಕ್ಕೆ ಹಾಕಿದರೆ ವ ಹೋಗಿ ಮ ಆಗಿಬಿಡುತ್ತದೆ. ಕಾರಣ ಹೇಳಿದರೆ ಮಕ್ಕಳು ಮರೆಯುವುದಿಲ್ಲ, ಹೇಳದಿದ್ದರೆ ಎರಡು ವರ್ಷ "ಹೂಮ" ಎಂದು ಬರೆಯುತ್ತಾರೆ. ಮೊ, ಯೊ ಗಳಲ್ಲಿಯೂ ಒತ್ವದ ರೂಪ ಕೊ, ಗೊ ಗಳಂತೆ ಇರುವುದಿಲ್ಲ, ಅವನ್ನು ಬೇರೆಯಾಗಿಯೇ ತೋರಿಸಿ.

ಮಹಾಪ್ರಾಣ ಅಕ್ಷರಗಳಿಗಂತೂ ದೇವರ ಕೋಣೆಯಂಥ ಪಾಠಶಾಲೆ ಇನ್ನೊಂದಿಲ್ಲ. ದಿನದ ಮಾತಿನಲ್ಲಿ ನಾವು ಅವನ್ನು ಅಷ್ಟಾಗಿ ಒತ್ತಿ ಹೇಳುವುದಿಲ್ಲ, ಹಾಗಾಗಿ ದ–ಧ, ಬ–ಭ ಮಗುವಿನ ಕಿವಿಗೆ ಒಂದೇ. ಪೂಜೆಯಲ್ಲಿ ಶಂಖ, ಧೂಪ, ಫಲ, ಭಸ್ಮ, ಪೀಠ, ರಥ, ಛತ್ರ ಎಲ್ಲ ಇವೆ. ಉಸಿರು ಹೊರಬಿಡುವುದನ್ನು ಅಂಗೈ ಬಾಯಿಯೆದುರು ಹಿಡಿದು ನೋಡಲು ಹೇಳಿ. ನಮ್ಮಲ್ಲಿ ಪೂಜೆಯ ಪಾತ್ರೆಗಳಿಗೆ ಒಂದೊಂದು ಚೀಟಿ ಬರೆದಿಟ್ಟು, ಅಜ್ಜ ಕೇಳಿದ್ದನ್ನು ಚೀಟಿ ಓದಿಯೇ ತಂದುಕೊಡಬೇಕು ಎಂದು ನಿಯಮ ಮಾಡಿದ್ದೆವು.

ಒತ್ತಕ್ಷರ, ಬಸ್ಸಿನ ಬೋರ್ಡು

ಮೊದಲು ತನ್ನದೇ ಒತ್ತು: ಅಪ್ಪ, ಅಕ್ಕ, ಅಜ್ಜ, ಬೆಲ್ಲ, ಹಬ್ಬ. ಒತ್ತಕ್ಷರಗಳ ರೂಪ ಇದರಲ್ಲೇ ಪರಿಚಯವಾಗುತ್ತದೆ. ಆಮೇಲೆ ಬೇರೆ ಅಕ್ಷರದ ಒತ್ತು: ಭಕ್ತಿ, ಪುಷ್ಪ, ಪದ್ಮ, ಸ್ನಾನ. ಕ್ಷ, ತ್ರ, ಜ್ಞ, ಶ್ರ ಗಳಿಗೆ ಬರುವಷ್ಟರಲ್ಲಿ ಅಕ್ಷರಾಭ್ಯಾಸದ ಆ ಶ್ರೀ ಎದುರಾಗುತ್ತದೆ. "ಇದನ್ನು ನಾನು ಅಕ್ಕಿಯಲ್ಲಿ ಬರೆದಿದ್ದೆ" ಎಂದು ಮಗು ಹೇಳಲಿ, ಆ ಸಂತೋಷ ಅದರದ್ದೇ.

ಅರ್ಕಾವತ್ತು ಎಲ್ಲರನ್ನೂ ಕೆಡವುತ್ತದೆ. ಶಿರಸಿಯ ಬಸ್ ನಿಲ್ದಾಣದಲ್ಲಿ ಮಗ ಗಟ್ಟಿಯಾಗಿ ಓದಿದ್ದು "ಗೋಕಣರ". ಬೆಂಚಿನಲ್ಲಿದ್ದ ಹಿರಿಯರೊಬ್ಬರು "ಅಲ್ಲಿಗೆ ಹೋಗುವ ಬಸ್ಸು ಇನ್ನೂ ಬಿಟ್ಟಿಲ್ಲ ತಮ್ಮಾ" ಎಂದರು. ಅವನ ತಪ್ಪಲ್ಲ, ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದ್ದಾನೆ. ಬರೆಯುವುದು ಆಮೇಲೆ, ಓದುವುದು ಮೊದಲು ಎಂಬುದು ಈ ಒಂದು ಚಿಹ್ನೆಗೆ ಮಾತ್ರ ಇರುವ ನಿಯಮ. ನಾನು ಆ ಚಿಹ್ನೆಗೆ ಕೆಂಪು ಬಣ್ಣ ಹಚ್ಚಿ, ಅಲ್ಲಿಂದ ಹಿಂದಕ್ಕೆ ಒಂದು ಬಾಣ ಬರೆದು ತೋರಿಸಿದೆ. ಧರ್ಮ, ಸೂರ್ಯ, ಕರ್ಣ, ಅರ್ಚನೆ, ಕಾರ್ತಿಕ. ಕೆಲವು ಹಳೆಯ ಪುಸ್ತಕಗಳಲ್ಲಿ ರ ವನ್ನು ಮೊದಲೇ ಬರೆದು ಮುಂದಿನ ಅಕ್ಷರವನ್ನು ಒತ್ತಾಗಿ ಕೊಟ್ಟಿರುತ್ತಾರೆ, ಎರಡೂ ಒಂದೇ ಎಂದು ತೋರಿಸಿದರೆ ಗೊಂದಲವಿಲ್ಲ.

ಬೋರ್ಡು ಓದಿಸುವುದು ಇನ್ನೊಂದು ಕಾರಣಕ್ಕೂ ಒಳ್ಳೆಯದು. ಬಾಯಲ್ಲಿ ಸಿರ್ಸಿ, ಬೋರ್ಡಿನಲ್ಲಿ ಶಿರಸಿ. ಹೇಳುವುದಕ್ಕೂ ಬರೆಯುವುದಕ್ಕೂ ನಡುವೆ ಸಂದಿ ಇರುತ್ತದೆ ಎಂದು ಇಷ್ಟು ಚೆನ್ನಾಗಿ ಹೇಳಿಕೊಡುವ ಪಠ್ಯಪುಸ್ತಕ ನಾನು ನೋಡಿಲ್ಲ.

ಭಜನೆಯ ಪುಸ್ತಕಕ್ಕೆ ಈಗ ಬನ್ನಿ

ಇಷ್ಟಾದ ಮೇಲೆ ಬಾಯಿಪಾಠವನ್ನು ಕೆಲಸಕ್ಕೆ ಹಚ್ಚಬಹುದು. ಗೊತ್ತಿರುವ ಸಾಲನ್ನು ಓದುವುದರಲ್ಲಿ ಒಂದು ಅನುಕೂಲವಿದೆ: ಮುಂದೇನು ಬರುತ್ತದೆ ಎಂಬ ಹೆದರಿಕೆ ಇಲ್ಲ. ಕಣ್ಣು ಸಾವಕಾಶವಾಗಿ ಅಕ್ಷರ ನೋಡಬಹುದು. ನೋಡುವಂತೆ ಮಾಡುವುದು ನಮ್ಮ ಕೆಲಸ.

"ನಮಃ ಶಿವಾಯ" ಎಂದು ದೊಡ್ಡದಾಗಿ ಒಂದು ರಟ್ಟಿನಲ್ಲಿ ಬರೆಯಿರಿ. ಅದಕ್ಕೆ ಪಂಚಾಕ್ಷರಿ ಎಂದು ಹೆಸರೇಕೆ? ಮಗು ಎಣಿಸಲಿ: ನ, ಮ, ಶಿ, ವಾ, ಯ. ಹೆಸರಿನಲ್ಲೇ ಪಾಠ ಇದೆ. ಮೊದಲನೆಯ ಕೆಲಸ, ಒಂದು ಅಕ್ಷರಕ್ಕೆ ಒಂದು ಬೆರಳು. ಬಾಯಿ ಮುಗಿಯುವಾಗ ಬೆರಳು ಕೊನೆಯ ಅಕ್ಷರದ ಮೇಲೇ ಇರಬೇಕು, ಮುಂದೂ ಇಲ್ಲ ಹಿಂದೂ ಇಲ್ಲ. ಎರಡನೆಯದು, ನಡುವಿನಿಂದ ಕೇಳುವುದು: "ಮೂರನೆಯದು ಯಾವುದು? ಅದರ ಹಿಂದಿನದು?" ಮೂರನೆಯದು, ಅಕ್ಷರಗಳನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು ಬೇರೆ ಪದ ಕಟ್ಟುವುದು. ನಯ ಬಂತು, ಮನ ಬಂತು. ಮಗಳು ಸ್ವಲ್ಪ ಹೊತ್ತು ನೋಡಿ ಎರಡು ಚೀಟಿ ಪಕ್ಕಪಕ್ಕ ಇಟ್ಟಳು: ಯಮ. "ಶಿವನ ಮಂತ್ರದೊಳಗೆ ಯಮ ಕೂತಿದ್ದಾನೆ!" ಎಂದು ಅಡುಗೆಮನೆಗೆ ಓಡಿದಳು. ಅಂದು ರಾತ್ರಿ ಮಾರ್ಕಂಡೇಯನ ಕಥೆಯನ್ನು ಮೂರು ಸಲ ಹೇಳಬೇಕಾಯಿತು.

ನಾಲ್ಕನೆಯದು ನನ್ನ ಮೆಚ್ಚಿನದು, ಬೇಕೆಂದೇ ತಪ್ಪು ಬರೆಯುವುದು. ಗೊತ್ತಿರುವ ಸಾಲಿನಲ್ಲಿ ಒಂದು ಅಕ್ಷರ ಬದಲಿಸಿ ಕೊಡಿ. ನೆನಪಿನಿಂದ ಹಾಡುವ ಮಗು ತಪ್ಪನ್ನು ದಾಟಿ ಹೋಗುತ್ತದೆ, ಓದುವ ಮಗು ನಿಲ್ಲುತ್ತದೆ. ಇದಕ್ಕಿಂತ ನೇರವಾದ ಪರೀಕ್ಷೆ ನನಗೆ ಗೊತ್ತಿಲ್ಲ. ಆದರೆ ಮೊದಲ ದಿನ ನಾನು ನಮಃ ಎಂಬುದನ್ನು ಮನಃ ಎಂದು ಬರೆದುಬಿಟ್ಟೆ. ಅತ್ತೆ ನೋಡಿದರು. "ದೇವರ ಹೆಸರನ್ನು ತಪ್ಪು ಬರೆದು ಮಕ್ಕಳಿಗೆ ಕೊಡುತ್ತೀಯಾ?" ಎಂದರು. ಆ ದಿನ ಮನೆಯಲ್ಲಿ ಮಾತು ಕಡಿಮೆ ಇತ್ತು. ಅವರ ಮಾತಿನಲ್ಲಿ ಹುರುಳಿದೆ ಎಂದು ನನಗೂ ಅನ್ನಿಸಿತು. ಕಲಿಸುವ ಉತ್ಸಾಹದಲ್ಲಿ ನಾವು ಮನೆಯಲ್ಲಿ ಉಳಿದುದೇಕೆ ಎಂಬುದನ್ನೇ ಮರೆಯಬಾರದಲ್ಲ. ಒಂದು ಒಪ್ಪಂದಕ್ಕೆ ಬಂದೆವು: ಮಂತ್ರವನ್ನು, ದೇವರ ಹೆಸರನ್ನು ತಿದ್ದುವುದಿಲ್ಲ, ಹಾಡಿನ ಸಾಮಾನ್ಯ ಮಾತುಗಳನ್ನು ತಿದ್ದಬಹುದು. "ದೀಪ ಹಚ್ಚಿ" ಎಂಬುದನ್ನು "ದೀಪ ಹೆಚ್ಚಿ" ಎಂದು ಬರೆದಾಗ ಮಗ ಈಳಿಗೆಮಣೆ ತರಲು ಎದ್ದ. ದೇವರ ಹೆಸರಿರುವ ಚೀಟಿಗಳು ನೆಲದಲ್ಲಿ ಬಿದ್ದು ಕಾಲಿಗೆ ಸಿಗಬಾರದು, ಅದಕ್ಕೊಂದು ಡಬ್ಬಿ ಮಾಡಿದೆವು.

ಒಂದು ಎಚ್ಚರಿಕೆ. ಸಂಸ್ಕೃತ ಶ್ಲೋಕವನ್ನು ಮೊದಲ ಓದಿಗೆ ಹಿಡಿಸಬೇಡಿ. ಉದ್ದುದ್ದ ಸಮಾಸ, ಸಂಧಿ, ತಿಳಿಯದ ಅರ್ಥ. ಮಗು ಅಕ್ಷರ ಕೂಡಿಸುವ ಯಂತ್ರವಾಗುತ್ತದೆ, ಅಷ್ಟೇ. ಬಾಯಿಪಾಠ ಆಗುತ್ತಿರಲಿ, ಅದರ ಹಾದಿಯೇ ಬೇರೆ. ಕನ್ನಡದ ಕಥೆಯ ಪುಟವೊಂದನ್ನು ತಡವರಿಸದೆ ಓದುವಷ್ಟು ಆದ ಮೇಲೆ ಶ್ಲೋಕ ತೆಗೆಯಿರಿ, ಪದ ಒಡೆಯುವಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿಕೊಡಿ.

ಮನೆಯ ಮಾತು, ಪುಸ್ತಕದ ಮಾತು

ಹವ್ಯಕರ ಮನೆಯ ಮಕ್ಕಳು ಓದುವಾಗ ಮಾಡುವ ಒಂದು ತಪ್ಪು ತಪ್ಪೇ ಅಲ್ಲ. ನಮ್ಮ ಮಾತಿನಲ್ಲಿ ಹೆಂಗಸರಿಗೂ "ಅದು" ಎನ್ನುತ್ತೇವೆ. ಅತ್ತಿಗೆ ಬಂತು, ಅಕ್ಕ ಹೋತು. ಪುಸ್ತಕದಲ್ಲಿ "ಸೀತೆ ಬಂದಳು" ಎಂದಿದ್ದರೆ ಮಗಳು "ಸೀತೆ ಬಂತು" ಎಂದು ಓದುತ್ತಿದ್ದಳು. ಅಂದರೆ ಅವಳು ಅರ್ಥ ಹಿಡಿದು ಮನೆಯ ಮಾತಿಗೆ ತಂದುಕೊಂಡು ಓದಿದ್ದಾಳೆ, ಅದು ಒಳ್ಳೆಯ ಲಕ್ಷಣ. "ಸರಿ, ಆದರೆ ಪುಸ್ತಕದವರು ಹೇಗೆ ಹೇಳಿದ್ದಾರೆ, ಕೊನೆಯ ಅಕ್ಷರ ನೋಡು" ಎಂದರೆ ಸಾಕು. "ನಾನು" ಎಂದಿದ್ದಲ್ಲಿ "ಆನು" ಎಂದರೂ ಹೀಗೆಯೇ. ಮನೆಯ ಮಾತು ತಪ್ಪು ಎಂದು ಮಾತ್ರ ಹೇಳಬೇಡಿ. ಅಜ್ಜಿಯ ಭಾಷೆ ತಪ್ಪಾದರೆ ಅಜ್ಜಿಯ ದೇವರು ಸರಿಯಾಗುವುದು ಹೇಗೆ?

ಕಾರವಾರ, ಹೊನ್ನಾವರದ ಕೊಂಕಣಿ ಮನೆಗಳಲ್ಲಿ, ಅವು ದೇವಸ್ಥಾನದ್ದಿರಲಿ ಇಗರ್ಜಿಯದ್ದಿರಲಿ, ಪ್ರಾರ್ಥನೆಯೂ ಮಾತೂ ಕೊಂಕಣಿ, ಓದು ಕನ್ನಡ. ಅಲ್ಲಿ ಅಕ್ಷರಕ್ಕಿಂತ ಮೊದಲು ಕೆಲವು ತಿಂಗಳು ಕನ್ನಡ ಕಥೆಗಳನ್ನು ಕಿವಿಗೆ ಹಾಕಬೇಕು. ಕೇಳದ ಭಾಷೆಯನ್ನು ಓದುವುದು ಯಾರಿಗೂ ಆಗದು. ಕೊಂಕಣಿ ಪ್ರಾರ್ಥನೆಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟರೆ ಮೇಲಿನ ನಾಲ್ಕೂ ಆಟ ಹಾಗೆಯೇ ನಡೆಯುತ್ತವೆ. ಭಟ್ಕಳದಲ್ಲಿ ಅರಬ್ಬಿ ಓದುವ ಮಕ್ಕಳಿಗೆ ಸಾಲು ಬಲದಿಂದ ಎಡಕ್ಕೆ. ಕನ್ನಡ ಪುಟದ ಎಡ ಅಂಚಿನಲ್ಲಿ ಸಾಲಿಗೊಂದು ಚುಕ್ಕೆ ಇಟ್ಟುಕೊಡಿ, ಕೆಲವು ದಿನಗಳಲ್ಲಿ ಕಣ್ಣು ಎರಡು ದಾರಿಯನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ.

ದೊಡ್ಡವರು ಓದಿ ಹೇಳುವುದು

ಮಗು ಓದಲು ಕಲಿತ ದಿನವೇ ನಾವು ಓದಿ ಹೇಳುವುದನ್ನು ನಿಲ್ಲಿಸುತ್ತೇವೆ. ನಾನೂ ನಿಲ್ಲಿಸಿದೆ, ಆರು ತಿಂಗಳು ಬಿಟ್ಟು ಮತ್ತೆ ಶುರು ಮಾಡಿದೆ. ಮಗು ತಾನಾಗಿ ಓದುವುದು "ವನದ ಮರ"ದ ಮಟ್ಟದಲ್ಲಿರುವಾಗ ಅದರ ಬುದ್ಧಿ ಕುರುಕ್ಷೇತ್ರದಲ್ಲಿರುತ್ತದೆ. ರಾತ್ರಿ ಇಪ್ಪತ್ತು ನಿಮಿಷ ಪುರಾಣದ ಕಥೆ ಓದಿ ಹೇಳಿ, ನಡುವೆ ನಿಲ್ಲಿಸಿ "ಮುಂದೇನಾಗಬಹುದು?" ಎಂದು ಕೇಳಿ. "ಕರ್ಣ ಮಾಡಿದ್ದು ಸರಿಯೇ?" ಎಂದು ಕೇಳಿ. "ರಾಮ ಸೀತೆಯನ್ನು ಕಾಡಿಗೆ ಕಳಿಸಿದ್ದೇಕೆ?" ಎಂದು ಮಗುವೇ ಕೇಳಿದರೆ "ದೇವರ ವಿಷಯ ಹಾಗೆಲ್ಲ ಕೇಳಬಾರದು" ಎಂದು ಬಾಯಿ ಮುಚ್ಚಿಸಬೇಡಿ. ಮಗಳು ಅದನ್ನು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ, ಮಾವನವರ ಬಳಿ ಕಳಿಸಿದೆ. ಅವರು ಅರ್ಧ ಗಂಟೆ ಮಾತಾಡಿದರು. ಮಗಳಿಗೆ ಸಮಾಧಾನವಾಗಲಿಲ್ಲ. ಮರುದಿನ ತಾನೇ ಪುಸ್ತಕ ತೆಗೆದು ಆ ಭಾಗ ಹುಡುಕಿದಳು.

ನಮ್ಮ ಕಡೆ ಯಕ್ಷಗಾನ ಇದೆ, ಬಳಸಿಕೊಳ್ಳಿ. ಆಟಕ್ಕೆ ಹೋಗುವ ಮೊದಲು ಪ್ರಸಂಗದ ಕಥೆಯನ್ನು ಸರಳವಾಗಿ ಒಂದು ಪುಟದಲ್ಲಿ ಬರೆದು ಓದಿಸಿ. ಕರಪತ್ರವಂತೂ ಓದುವ ಮಕ್ಕಳಿಗೆಂದೇ ಅಚ್ಚಾದಂತಿರುತ್ತದೆ: ದಪ್ಪ ಅಕ್ಷರ, ಹಿಮ್ಮೇಳ ಮುಮ್ಮೇಳ, ಊರು, ಹೊತ್ತು, ಪಾತ್ರಗಳ ಹೆಸರು. ಯಾವ ವೇಷ ಯಾರದ್ದು ಎಂದು ಹುಡುಕಲು ಹೇಳಿದರೆ ಬೇಡವೆನ್ನುವ ಮಗುವನ್ನು ನಾನು ಕಂಡಿಲ್ಲ.

ಓದಿಗೆ ದೇವರ ಪುಸ್ತಕ ಮಾತ್ರ ಸಾಲದು. ಇದನ್ನು ನಮ್ಮಂಥ ಮನೆಗಳಿಗೆ ಒತ್ತಿ ಹೇಳಬೇಕು. ಮೈಲುತುತ್ತದ ಚೀಲದ ಮೇಲಿನ ಸೂಚನೆ, ಸೊಸೈಟಿಯ ರಸೀದಿ, ಪಂಚಾಂಗ, ದಿನಪತ್ರಿಕೆಯ ಮಳೆ ಸುದ್ದಿ ಎಲ್ಲವೂ ಕಣ್ಣಿಗೆ ಬೀಳಲಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ, ಮಕ್ಕಳನ್ನು ಸದಸ್ಯರನ್ನಾಗಿ ಮಾಡಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಸರ್ಕಾರದ ಪಠ್ಯಪುಸ್ತಕಗಳನ್ನೂ ಇಳಿಸಿಕೊಳ್ಳಬಹುದು. ನಮ್ಮಲ್ಲಿ ನೆಟ್‌ವರ್ಕ್ ಗುಡ್ಡದ ಮೇಲೆ ಮಾತ್ರ. ಪೇಟೆಗೆ ಹೋದಾಗ ಹತ್ತು ಕಥೆ ಅಚ್ಚು ಹಾಕಿಸಿ ತರುತ್ತೇನೆ.

ಎಷ್ಟು ಹೊತ್ತು, ಯಾವಾಗ

ಆರು ವರ್ಷದ ಮಗುವಿಗೆ ದಿನಕ್ಕೆ ಇಪ್ಪತ್ತು ನಿಮಿಷ. ಪೂಜೆ ಮುಗಿದು ತಿಂಡಿ ಆದ ಮೇಲೆ ಒಳ್ಳೆಯ ಹೊತ್ತು. ಹೊಸದು ಐದು ನಿಮಿಷ, ಹಳೆಯದು ಹತ್ತು, ಉಳಿದದ್ದು ಮಗುವಿಗೆ ಬೇಕಾದ್ದು. ಆಕಳಿಸಿದರೆ ಬಿಟ್ಟುಬಿಡಿ. ಪ್ರಾರ್ಥನೆಯನ್ನು ಶಿಕ್ಷೆ ಮಾಡಬೇಡಿ. "ಓದಲಿಲ್ಲ, ಅದಕ್ಕೆ ಇನ್ನು ಹತ್ತು ಸಲ ಹೇಳು" ಎಂದರೆ ಓದೂ ದೇವರೂ ಒಟ್ಟಿಗೆ ಬೇಡವಾಗುತ್ತಾರೆ. ಮಳೆಗಾಲದಲ್ಲಿ ಸಂಜೆ ಕರೆಂಟು ಇರುವುದಿಲ್ಲ, ಸಂಜೆಯ ಪಾಠ ಇಟ್ಟುಕೊಳ್ಳಬೇಡಿ. ಚಿಮಣಿ ದೀಪದಲ್ಲಿ ಓದಿ ದೊಡ್ಡವರಾದವರ ಕಥೆ ಹೇಳಲು ಚೆನ್ನ, ಮಗುವಿನ ಕಣ್ಣಿಗೆ ಅಲ್ಲ.

ಅಕ್ಷರ ಬೇಗ ಬರಲಿಲ್ಲವೆಂದು ಗಾಬರಿ ಬೇಡ, ಆದರೆ ಕಣ್ಣು ಮುಚ್ಚಿ ಕೂರುವುದೂ ಬೇಡ. ಒಂದು ವರ್ಷ ದಿನವೂ ಕಲಿಸಿದ ಮೇಲೂ, ಏಳೆಂಟು ವರ್ಷದ ಮಗು ಸರಳ ಪದ ಕೂಡಿಸಲು ಒದ್ದಾಡಿದರೆ, ನಿನ್ನೆ ಬಂದದ್ದು ಇಂದು ಪೂರ್ತಿ ಹೋಗುತ್ತಿದ್ದರೆ, ಮೊದಲು ಕಣ್ಣು ಮತ್ತು ಕಿವಿ ತೋರಿಸಿ. ಅವು ಸರಿಯಿದ್ದರೆ ಮಕ್ಕಳ ವೈದ್ಯರ ಮೂಲಕ ಕಲಿಕೆಯ ತೊಂದರೆಯ ತಪಾಸಣೆ ಮಾಡಿಸಿ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಗುರುತಿಸಿದೆ. ಹರಕೆ ಹೊರುವವರು ಹೊರಲಿ, ಜೊತೆಗೆ ತಪಾಸಣೆಯೂ ಆಗಲಿ.

ಕಾನೂನಿನ ಮಾತು. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಆರರಿಂದ ಹದಿನಾಲ್ಕರ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೆಯ ಕಲಮು ಹೇಳುತ್ತದೆ. ಮನೆಯಲ್ಲಿ ಕಲಿಸುವುದಕ್ಕೆ ಅದರಲ್ಲಿ ಬೇರೆ ವ್ಯವಸ್ಥೆ ಇಲ್ಲ. ಹಾಗಾಗಿ ಆರು ತುಂಬಿದ ಮೇಲೆ ಏನು ಮಾಡುತ್ತೀರಿ ಎಂಬುದನ್ನು ಮೊದಲೇ ಯೋಚಿಸಿ, ಬಲ್ಲವರನ್ನು ಕೇಳಿ. ತಡವಾಗಿ ಬಂದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಎಂದು ಅದೇ ಕಾಯ್ದೆಯ 4ನೆಯ ಕಲಮಿನಲ್ಲಿದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಮೂರು, ಐದು, ಎಂಟನೆಯ ತರಗತಿಗೆ ಸಮನಾದ ಹಂತಗಳಿವೆ, ಹತ್ತನೆಯ ತರಗತಿಯ ಪರೀಕ್ಷೆಯೂ ಇದೆ. ಏನೇ ಇರಲಿ, ಒಂದು ನೋಟು ಪುಸ್ತಕದಲ್ಲಿ ತಾರೀಖು ಹಾಕಿ ಮಗು ಏನು ಓದಿತು, ಎಲ್ಲಿ ತಡವರಿಸಿತು ಎಂದು ಬರೆದಿಡಿ. ಶಾಲೆಗೆ ಸೇರಿಸುವ ದಿನ ಬಂದರೆ ಮಾಸ್ತರರಿಗೆ ತೋರಿಸಲು ಬೇಕಾಗುತ್ತದೆ, ಬಾರದಿದ್ದರೆ ನಿಮಗೇ ಬೇಕಾಗುತ್ತದೆ.

ನನ್ನ ಆ ಪುಸ್ತಕದಲ್ಲಿ ಮಗನ ಏಳನೆಯ ವರ್ಷದ ಒಂದು ಬರಹ ಇದೆ. ಕಾರ್ತಿಕದ ಸಂಜೆ, ಭಜನೆ ನಡೆದಿತ್ತು. ಅತ್ತೆ ಐವತ್ತು ವರ್ಷಗಳಿಂದ ಹಾಡುತ್ತ ಬಂದ ಹಾಡು. ಮಗ ಪುಸ್ತಕ ನೋಡಿಕೊಂಡು ಹಾಡುತ್ತಿದ್ದವನು ಥಟ್ಟನೆ ನಿಂತ. "ಅಜ್ಜಿ, ನೀವು ಪಾಲಿಸೋ ಎಂದಿರಿ. ಇಲ್ಲಿ ಲಾಲಿಸೋ ಎಂದಿದೆ." ತಾಳ ನಿಂತಿತು. ಅತ್ತೆ ಕನ್ನಡಕ ತರಿಸಿಕೊಂಡರು, ಪುಸ್ತಕವನ್ನು ದೀಪದ ಹತ್ತಿರ ಹಿಡಿದರು, ಸಾಲಿನ ಕೆಳಗೆ ಬೆರಳಿಟ್ಟು ಒಂದೊಂದೇ ಅಕ್ಷರ ನೋಡಿದರು. ಆಮೇಲೆ ಪುಸ್ತಕ ಮುಚ್ಚಿ "ಅಚ್ಚಿನವರು ತಪ್ಪು ಮಾಡಿದ್ದಾರೆ" ಎಂದು ತಾಳ ಕೈಗೆತ್ತಿಕೊಂಡರು.